ಆಟದ ಯಂತ್ರ ಮತ್ತು ಪರಿಮಿತಿಯ ಧರ್ಮ

ಮಿತಿ ಎಂಬ ಶಬ್ದಕ್ಕೆ ಈ ಕಾಲದ ಲೋಕವ್ಯವಹಾರದಲ್ಲಿ ಬಂದೊದಗಿರುವ ಅಪಕೀರ್ತಿಯನ್ನು ಗಮನಿಸಿದರೆ ವಿಷಾದವಾಗುತ್ತದೆ. ಕೈಯಲ್ಲಿ ಹಣವಿಲ್ಲದವನು ಮಾತ್ರ ಮಿತಿಯನ್ನು ಕುರಿತು ಆಲೋಚಿಸಬೇಕು, ಹಣವುಳ್ಳವನಿಗೆ ಅದರ ಗೊಡವೆ ಬೇಕಿಲ್ಲ ಎಂಬ ಭಾವನೆ ಎಲ್ಲೆಡೆ ಬೇರೂರಿದೆ. ಮಿತಿಯೆಂದರೆ ಕೊರತೆ, ಕೊರತೆಯೆಂದರೆ ಅವಮಾನ ಎಂಬ ಲೆಕ್ಕವನ್ನು ಮಾರುಕಟ್ಟೆ ಸಿದ್ಧಪಡಿಸಿ ಕೊಟ್ಟಿದೆ. ಗೃಹಸ್ಥರು ಅದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ. ಈ ಲೆಕ್ಕ ಎಷ್ಟು ಪೊಳ್ಳು ಎಂಬುದನ್ನು ತಿಳಿಯಲು ಮಹತ್ತರವಾದ ವಿಷಯಗಳನ್ನು ಅರಸಿ ಹೋಗಬೇಕಾಗಿಲ್ಲ. ಕಾಲೇಜು ಸೇರುವ ಮಗನಿಗೋ ಮಗಳಿಗೋ ಸೀಮಿತ ಹಣದಲ್ಲಿ ಕೊಡಿಸುವ ಆಟದ ಲ್ಯಾಪ್‌ಟಾಪ್, ಅಂದರೆ ಅಂಗಡಿಯವರ ಮಾತಿನಲ್ಲಿ 'ಗೇಮಿಂಗ್ ಲ್ಯಾಪ್‌ಟಾಪ್', ಒಂದೇ ಸಾಕು.

ವಿಷಯ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ನೀತಿಯನ್ನು ಕುರಿತ ಬರಹಕ್ಕೆ ಆಟದ ಯಂತ್ರ ವಸ್ತುವಾಗಬೇಕೆ ಎಂದು ಹುಬ್ಬೇರಿಸುವವರೂ ಇರಬಹುದು. ಆದರೆ ಸತ್ಯ, ಸಂಯಮಗಳು ಪರೀಕ್ಷೆಗೆ ಒಳಗಾಗುವುದು ಇಂತಹ ಸಣ್ಣ ಪುಟ್ಟ ಸಂದರ್ಭಗಳಲ್ಲಿಯೇ. ಪ್ರವಚನ ಕೇಳುವಾಗ ಲೋಭವನ್ನು ನಿಂದಿಸದವರಿಲ್ಲ. ಅಂಗಡಿಯಲ್ಲಿ ನಿಂತಾಗ ಅದನ್ನು ಗುರುತಿಸುವವರು ವಿರಳ.

ಚಿಕ್ಕಮಗಳೂರು ಜಿಲ್ಲೆಯ ಶಿವನಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಈ ಊರು, ಬೀರೂರಿನಿಂದ ಚಿಕ್ಕಜಾಜೂರಿನತ್ತ ಸಾಗುವ ರೈಲುಮಾರ್ಗದಲ್ಲಿ ಅಜ್ಜಂಪುರವನ್ನು ದಾಟಿದ ಮೇಲೆ ಸಿಗುತ್ತದೆ. ಅಡಿಕೆ, ತೆಂಗು, ರಾಗಿ, ಈರುಳ್ಳಿಗಳನ್ನು ನಂಬಿದ ಸೀಮೆ ಇದು. ಇಲ್ಲಿ ಹಣ ತಿಂಗಳು ತಿಂಗಳು ಬರುವುದಿಲ್ಲ; ಬೆಳೆ ಕೈಗೆ ಬಂದು, ಮಾಲು ಮಂಡಿಗೆ ಹೋಗಿ, ಲೆಕ್ಕ ತೀರಿದಾಗ ಬರುತ್ತದೆ. ಹಾಗೆ ಬಂದ ಹಣ ಗೊಬ್ಬರದ ಬಾಕಿ, ಬೋರ್‌ವೆಲ್ಲಿನ ಸಾಲ, ಕಾಲೇಜಿನ ಶುಲ್ಕ ಇವುಗಳ ನಡುವೆ ಹಂಚಿಹೋಗುತ್ತದೆ. ಪಿಯುಸಿ ಮುಗಿಸಿದ ಮಕ್ಕಳು ಶಿವಮೊಗ್ಗಕ್ಕೋ ದಾವಣಗೆರೆಗೋ ಬೆಂಗಳೂರಿಗೋ ಹೋಗಿ ಹಾಸ್ಟೆಲಿನಲ್ಲಿ ನಿಲ್ಲುತ್ತಾರೆ. ಅಂತಹ ಮನೆಯಲ್ಲಿ 60,000 ರೂಪಾಯಿಯ ಯಂತ್ರವೊಂದನ್ನು ಕೊಳ್ಳುವುದೆಂದರೆ ಅದು ವರ್ಷದ ದೊಡ್ಡ ನಿರ್ಧಾರಗಳಲ್ಲೊಂದು.

ಈ ನಿರ್ಧಾರ ಹೇಗೆ ಆಗುತ್ತದೆ? ಮಗ ಬಂದು, "ಅಪ್ಪಾಜಿ, ಓದಿಗೆ ಲ್ಯಾಪ್‌ಟಾಪ್ ಬೇಕು" ಎನ್ನುತ್ತಾನೆ. ಓದಿಗೆ ಬೇಕೆಂಬುದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅವನ ಮನಸ್ಸಿನಲ್ಲಿ ಆಟವೂ ಇದೆ, ಗೆಳೆಯನ ಯಂತ್ರವೂ ಇದೆ. ತಂದೆಗೆ ಇದರ ವಾಸನೆ ಹತ್ತದಿರುವುದಿಲ್ಲ. ಆದರೂ ಕೇಳುವುದಿಲ್ಲ, ಕೇಳಿದರೆ ಮಾತಿಗೆ ಮಾತು ಬೆಳೆದೀತೆಂಬ ಭಯ. ತಾಯಿ ನಡುವೆ ನಿಂತು, "ಎಲ್ಲರ ಮಕ್ಕಳ ಹತ್ತಿರವೂ ಇದೆಯಂತೆ" ಎಂದು ಒಂದು ಮಾತು ಸೇರಿಸುತ್ತಾಳೆ. ಮೂವರೂ ಅರ್ಧ ಸತ್ಯವನ್ನು ಹೊತ್ತು ಅಂಗಡಿಗೆ ಹೋಗುತ್ತಾರೆ. ಉಳಿದರ್ಧವನ್ನು ಅಂಗಡಿಯವನು ತನಗೆ ಬೇಕಾದಂತೆ ತುಂಬಿಕೊಳ್ಳುತ್ತಾನೆ. ಮನೆಯ ಮಿತಿ ಮುರಿದುಬೀಳುವುದು ಇಲ್ಲಿ. ಯಂತ್ರದ ಬೆಲೆ ಹೆಚ್ಚಾದದ್ದು ಅದಕ್ಕೆ ಕಾರಣವಲ್ಲ. ಏತಕ್ಕಾಗಿ ಕೊಳ್ಳುತ್ತಿದ್ದೇವೆಂಬುದನ್ನು ಮನೆಯವರು ಪರಸ್ಪರ ನಿಜವಾಗಿ ಹೇಳಿಕೊಳ್ಳದಿದ್ದುದೇ ಕಾರಣ.

ಇದಕ್ಕೆ ಮೊದಲ ಹೊಣೆ ಹಿರಿಯರದು ಎಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಆಟವೆಂದ ಕೂಡಲೇ ಸಿಡಿಮಿಡಿಗೊಳ್ಳುವ ಹಿರಿಯರು ಮಕ್ಕಳಿಗೆ ಸತ್ಯ ಹೇಳುವ ಅವಕಾಶವನ್ನೇ ಉಳಿಸಿಲ್ಲ. ಸಂಜೆಯೆಲ್ಲ ದೂರದರ್ಶನದ ಧಾರಾವಾಹಿಗಳ ಮುಂದೆ ಕುಳಿತು, ರಾತ್ರಿ ಮೊಬೈಲಿನಲ್ಲಿ ಇಸ್ಪೀಟಿನ ಎಲೆ ಸರಿಸುವವರು, ಹದಿನೆಂಟರ ಹುಡುಗ ಒಂದು ಗಂಟೆ ಕಾರಿನ ಪಂದ್ಯವಾಡಿದರೆ ಕುಲನಾಶವಾಯಿತೆಂದು ಕೂಗಾಡುವುದರಲ್ಲಿ ಯಾವ ನ್ಯಾಯವಿದೆ? ವಿನೋದಕ್ಕೆ ವಯೋಧರ್ಮದಲ್ಲಿ ಒಂದು ಸ್ಥಾನವಿದೆ. ಇದೇ ಕರ್ನಾಟಕ ಸರ್ಕಾರ 2012ರಷ್ಟು ಹಿಂದೆಯೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ದೇಶದಲ್ಲಿಯೇ ಮೊದಲಾಗಿ ಒಂದು ನೀತಿಯನ್ನು ರೂಪಿಸಿತು. 2024ರಿಂದ 2029ರವರೆಗಿನ ಅವಧಿಗೆ ಹೊಸ ನೀತಿಯನ್ನೂ ತಂದಿದೆ. ಸರ್ಕಾರ ಉದ್ಯೋಗವೆಂದು ಕರೆದುದನ್ನು ಮನೆಯಲ್ಲಿ ಹೆಸರೆತ್ತಲೂ ಬಿಡದಿದ್ದರೆ ಮಕ್ಕಳು ಮುಚ್ಚುಮರೆಯ ದಾರಿ ಹಿಡಿಯುತ್ತಾರೆ. ಮೌನದಿಂದ ಹುಟ್ಟಿದ ಅಸತ್ಯದಲ್ಲಿ ಮೌನವನ್ನು ಹೇರಿದವನಿಗೂ ಪಾಲುಂಟು.

ಸತ್ಯವನ್ನು ಹೇಳಿಕೊಂಡರೆ ಆಗುವ ಮೊದಲ ಲಾಭ ಹಣದ್ದೇ. ವಾಣಿಜ್ಯ ಓದುವ ವಿದ್ಯಾರ್ಥಿಗೆ ಬೇಕಾದುದು ಲೆಕ್ಕಪತ್ರದ ಟ್ಯಾಲಿ, ಬರವಣಿಗೆ, ಪಾಠದ ವೀಡಿಯೋ. ಇದಕ್ಕೆ ಆಟದ ಯಂತ್ರದ ಅವಶ್ಯಕತೆ ಎಳ್ಳಷ್ಟೂ ಇಲ್ಲ. ಕಟ್ಟಡಗಳ ಅಥವಾ ಯಂತ್ರಭಾಗಗಳ ಮೂರು ಆಯಾಮದ ವಿನ್ಯಾಸ ಮಾಡುವವನಿಗೆ, ಬ್ಲೆಂಡರ್‌ನಂತಹ ತಂತ್ರಾಂಶದಲ್ಲಿ ಚಿತ್ರ ರೂಪಿಸುವವಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ನಿಜವಾಗಿಯೂ ನೆರವಾಗುತ್ತದೆ. ಅವರಿಗೆ ಆಟದ ಯಂತ್ರವೇ ಓದಿನ ಯಂತ್ರವೂ ಹೌದು. ಮೂರನೆಯವನಿಗೆ ಓದಿಗೆ ಸಾಧಾರಣ ಯಂತ್ರ ಸಾಕು, ಆದರೆ ಆಡುವ ಆಸೆಯಿದೆ. ಈ ಮೂವರಿಗೂ 'ಓದಿಗೆ ಬೇಕು' ಎಂಬ ಒಂದೇ ವಾಕ್ಯ ಹೇಳಿ ಕಳುಹಿಸಿದರೆ ಮೂವರೂ ತಪ್ಪು ಯಂತ್ರವನ್ನೇ ತರುತ್ತಾರೆ. ಆಟದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಎರಡು ಕಿಲೋ ಮೀರಿದ ತೂಕದ್ದು. ಅದರ ಅಡಾಪ್ಟರೇ ಒಂದು ಇಟ್ಟಿಗೆಯಂತಿರುತ್ತದೆ. ಬ್ಯಾಟರಿಯ ಮೇಲೆ ಆಡಿದರೆ ಒಂದೆರಡು ಗಂಟೆಗೆ ಬರಿದಾಗುತ್ತದೆ. ದಿನವಿಡೀ ತರಗತಿಯಿಂದ ತರಗತಿಗೆ ಹೊತ್ತು ತಿರುಗುವವನಿಗೆ ಇದು ವರವಲ್ಲ, ಹೊರೆ.

ಮಿತಿಯೊಳಗೆ ಆರಿಸುವವರು ಯಂತ್ರಕ್ಕೆ ಮುಂಚೆ ಆಟವನ್ನು ಆರಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿರುವುದರಲ್ಲಿಯೇ ವ್ಯಾಪಾರದ ಗುಟ್ಟಿದೆ. 2016ರಲ್ಲಿ ಒಬ್ಬನೇ ವ್ಯಕ್ತಿ ರೂಪಿಸಿ ಹೊರತಂದ 'ಸ್ಟಾರ್ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟಕ್ಕೆ 2 ಜಿಬಿ ಮೆಮೊರಿಯ ಯಂತ್ರ ಸಾಕು. 2020ರಲ್ಲಿ ಬಂದ 'ವ್ಯಾಲರೆಂಟ್' ತನ್ನ ಕನಿಷ್ಠ ಅಗತ್ಯವಾಗಿ ಕೇಳುವುದು 4 ಜಿಬಿ ಮೆಮೊರಿ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪನ್ನು ಅದು ಬೇಡುವುದಿಲ್ಲ. ಅದೇ 2020ರ 'ಸೈಬರ್‌ಪಂಕ್ 2077' ಈಗ ಕನಿಷ್ಠ 12 ಜಿಬಿ ಮೆಮೊರಿ, 6 ಜಿಬಿ ಗ್ರಾಫಿಕ್ಸ್ ಮೆಮೊರಿ, 70 ಜಿಬಿ ಸ್ಥಳ ಕೇಳುತ್ತದೆ. ಮೂರೂ ಆಟಗಳೇ, ಆದರೆ ಅವು ಬೇಡುವ ಯಂತ್ರಗಳ ಬೆಲೆಯಲ್ಲಿ ಅಜಗಜಾಂತರವಿದೆ. ಪ್ರತಿಯೊಂದು ಆಟದ ತಯಾರಕರೂ ಕನಿಷ್ಠ ಅಗತ್ಯಗಳ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ. ಆಡಬೇಕಾದ ಮೂರು ಆಟಗಳ ಹೆಸರು ಹೇಳಲಾರದವನಿಗೆ ಆಟದ ಯಂತ್ರ ಬೇಕಾಗಿಲ್ಲ. ಅವನಿಗೆ ಬೇಕಾಗಿರುವುದು ಯಂತ್ರದ ಒಡೆತನ ಮಾತ್ರ.

ಇನ್ನು ಹೆಸರುಗಳ ಮಾಯೆ. ಈ ಯಂತ್ರಗಳ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಗ್ರಾಫಿಕ್ಸ್ ಚಿಪ್. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 3050, 4050, 5050 ಎಂಬ ಹೆಸರುಗಳು ಹುಡುಗರ ಬಾಯಲ್ಲಿ ಮಂತ್ರದಂತೆ ಹರಿದಾಡುತ್ತವೆ. ಆದರೆ 4050 ಎಂಬ ಒಂದೇ ಹೆಸರಿನ ಚಿಪ್ಪಿಗೆ ಲ್ಯಾಪ್‌ಟಾಪ್ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಯಾವ ಪ್ರಮಾಣದ ವಿದ್ಯುತ್ತನ್ನಾದರೂ ಒದಗಿಸಬಹುದು. ಕಡಿಮೆ ವಿದ್ಯುತ್ತು ಪಡೆದ ಚಿಪ್ ಅದೇ ಹೆಸರಿನ ಇನ್ನೊಂದಕ್ಕಿಂತ ಬಹಳ ಹಿಂದೆ ಬೀಳುತ್ತದೆ. 3050 ಎಂಬ ಹೆಸರಿನಲ್ಲಿ 4 ಜಿಬಿ ಮೆಮೊರಿಯದೂ ಇದೆ, 6 ಜಿಬಿಯದೂ ಇದೆ. ಮುಂಭಾಗದಲ್ಲಿ ಅಂಟಿಸಿದ ಹೊಳಪಿನ ಚೀಟಿ ಇದಾವುದನ್ನೂ ಹೇಳುವುದಿಲ್ಲ. ಒಂದೇ ಹೆಸರಿನ ಎರಡು ಯಂತ್ರಗಳಲ್ಲಿ ಅಗ್ಗದ್ದು ಏಕೆ ಅಗ್ಗವಾಯಿತು ಎಂದು ಕೇಳದವನು ಮೋಸಹೋದನೆಂದು ಹೇಳಲಾಗದು. ಅವನು ವಿಚಾರಿಸಲೇ ಇಲ್ಲ. ಹಾಗೆಯೇ ಒಂದು ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸಬಲ್ಲ ಪರದೆಯೆಂದು ಹೊಗಳುತ್ತಾರೆ. ಚಿಪ್ ಸೆಕೆಂಡಿಗೆ 60 ಚಿತ್ರಗಳನ್ನು ಮಾತ್ರ ರಚಿಸಬಲ್ಲುದಾದರೆ ಉಳಿದ ಸಾಮರ್ಥ್ಯ ಬತ್ತಿದ ಕೆರೆಗೆ ಕಟ್ಟಿದ ತೂಬಿನಂತೆ. ಆ ಪರದೆಯ ಬಣ್ಣ ಮಂಕಾಗಿದೆಯೆ, ಹಗಲು ಬೆಳಕಿನಲ್ಲಿ ಕಾಣುತ್ತದೆಯೆ ಎಂಬುದನ್ನು ಯಾರೂ ಹೇಳುವುದಿಲ್ಲ. ಚಿತ್ರ ರೂಪಿಸುವ ವಿದ್ಯಾರ್ಥಿನಿಗಾದರೋ ಅದೇ ಮುಖ್ಯ.

ಮೆಮೊರಿಯ ವಿಷಯದಲ್ಲಿ ಪರಿಸ್ಥಿತಿ ಬದಲಾಗಿದೆ. ಮೊದಲು 8 ಜಿಬಿಯ ಯಂತ್ರವನ್ನು ಕೊಂಡು, ಖಾಲಿಯಿರುವ ಸ್ಥಾನದಲ್ಲಿ ಮುಂದೊಂದು ದಿನ ಇನ್ನೊಂದು 8 ಜಿಬಿ ಸೇರಿಸಿಕೊಳ್ಳಿರೆಂದು ಬಲ್ಲವರು ಹೇಳುತ್ತಿದ್ದರು. ಅದು ಒಳ್ಳೆಯ ಸಲಹೆಯೂ ಆಗಿತ್ತು. 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಕೇಂದ್ರಗಳಿಗೆ ಪೂರೈಸಲು ತಯಾರಕರು ಮುಗಿಬಿದ್ದರು. ಮೈಕ್ರಾನ್ ಎಂಬ ಅಮೆರಿಕದ ಸಂಸ್ಥೆ, ಸಾಮಾನ್ಯ ಗ್ರಾಹಕರಿಗೆ 'ಕ್ರೂಶಿಯಲ್' ಹೆಸರಿನಲ್ಲಿ ಮಾರುತ್ತಿದ್ದ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಎಲ್ಲಿಯೋ ಕಟ್ಟುತ್ತಿರುವ ಗಣಕಕೇಂದ್ರದ ಹಸಿವು ಶಿವನಿಯ ಹುಡುಗನ ಜೇಬನ್ನು ತಟ್ಟುವುದು ಹೀಗೆ. ಆದುದರಿಂದ ಈಗ 16 ಜಿಬಿ ಇರುವ ಯಂತ್ರದ ಬೆಲೆಯನ್ನು, 8 ಜಿಬಿಯ ಯಂತ್ರ ಹಾಗೂ ಪ್ರತ್ಯೇಕ ಮೆಮೊರಿಯ ಒಟ್ಟು ಬೆಲೆಯೊಡನೆ ಆ ದಿನದ ದರದಲ್ಲಿಯೇ ತೂಗಿ ನೋಡಬೇಕು. ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದರೆ ಮುಂದೆ ಸೇರಿಸುವ ಮಾತೇ ಇಲ್ಲ. ಇದನ್ನು ಕೊಳ್ಳುವ ಮುಂಚೆ ಕೇಳಬೇಕೇ ಹೊರತು ಆಮೇಲೆ ಅಲ್ಲ.

ಮಿತಿಯ ಪರಮಶತ್ರುವೆಂದರೆ 'ಇನ್ನೊಂದು ಐದು ಸಾವಿರ' ಎಂಬ ಮಾತು. 55,000ಕ್ಕೆ ಹೋದವನಿಗೆ 60,000ದ ಯಂತ್ರ ತೋರಿಸಿ, "ಐದೇ ಸಾವಿರ ಹೆಚ್ಚು, ಎಷ್ಟು ವ್ಯತ್ಯಾಸ ನೋಡಿ" ಎನ್ನುತ್ತಾರೆ. ಅಲ್ಲಿಗೆ ಏರಿದವನಿಗೆ 65,000ದ್ದು ಕಾಣುತ್ತದೆ. ಪ್ರತಿಯೊಂದು ಮೆಟ್ಟಿಲಿನ ವಾದವೂ ಪ್ರತ್ಯೇಕವಾಗಿ ನೋಡಿದರೆ ಸರಿಯೇ; ಆದರೆ ಆ ಏಣಿಗೆ ಕೊನೆಯ ಮೆಟ್ಟಿಲೆಂಬುದಿಲ್ಲ. ಅಂಗಡಿಯವನು ಲಾಭಕ್ಕಾಗಿ ಹೇಳುವ ಈ ಮಾತನ್ನು ವೀಡಿಯೋಗಳಲ್ಲಿ ಸಲಹೆ ನೀಡುವವರು ಹಿತೈಷಿಗಳಂತೆ ಹೇಳುತ್ತಾರೆ, ಪರಿಣಾಮದಲ್ಲಿ ಭೇದವಿಲ್ಲ. ಇದರ ಜೊತೆಗೆ 95,000 ಎಂದು ಮುದ್ರಿಸಿ, ಅದನ್ನು ಹೊಡೆದುಹಾಕಿ, 62,000 ಎಂದು ಬರೆದು, 33,000 ಉಳಿಯಿತೆನ್ನುವ ಉಪಾಯವೊಂದಿದೆ. ಎಂದೂ ಯಾರೂ ಕೊಡದ ಬೆಲೆಯಿಂದ ಕಳೆದ ಉಳಿತಾಯ ಉಳಿತಾಯವಲ್ಲ. ಮನೆಯಿಂದ ಹೊರಟದ್ದು 62,000, ಅಷ್ಟೇ ಸತ್ಯ.

'ಹೆಚ್ಚು ಕೊಟ್ಟರೆ ಮುಂದಿನ ಐದು ವರ್ಷಕ್ಕೆ ಚಿಂತೆಯಿಲ್ಲ' ಎಂಬುದು ಇನ್ನೊಂದು ವಾದ. ಇದು ವಿವೇಕದ ವೇಷ ತೊಟ್ಟ ಲೋಭ. ಇದೇ ಸಾಲಿನ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ 3050 ಬಂದದ್ದು 2021ರಲ್ಲಿ, 4050 ಬಂದದ್ದು 2023ರಲ್ಲಿ, 5050 ಬಂದದ್ದು 2025ರಲ್ಲಿ. ಎರಡೆರಡು ವರ್ಷಕ್ಕೆ ಹೊಸದನ್ನು ಬಿಡುಗಡೆ ಮಾಡುವ ಉದ್ಯಮವೇ ಐದು ವರ್ಷದ ಭರವಸೆ ಕೊಟ್ಟರೆ ಅದನ್ನು ನಂಬುವುದು ಹೇಗೆ? ಬರಲಿರುವ ಆಟಗಳಿಗಾಗಿ ಇಂದು ಕೊಡುವ ಹಣ, ಹುಟ್ಟದ ಮಗುವಿಗೆ ಹೊಲಿಸಿದ ಅಂಗಿ. ಇಂದು ತಿಳಿದಿರುವ ಅಗತ್ಯಕ್ಕೆ ಇಂದಿನ ಮಿತಿಯಲ್ಲಿ ಕೊಂಡು, ಅದು ಬಾಳುವಷ್ಟು ಕಾಲ ಜೋಪಾನವಾಗಿ ಬಳಸುವುದೇ ನಿಜವಾದ ದೂರದೃಷ್ಟಿ.

ಮಿತಿಯನ್ನು ಮೀರಲು ಅತ್ಯಂತ ಸುಲಭವಾದ ಬಾಗಿಲೆಂದರೆ ಕಂತು. 'ಬಡ್ಡಿಯಿಲ್ಲದ ಕಂತು' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಶೂನ್ಯ ಬಡ್ಡಿ ಎಂಬ ಕಲ್ಪನೆಗೇ ಅಸ್ತಿತ್ವವಿಲ್ಲವೆಂಬ ಅರ್ಥದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಬಡ್ಡಿ ಎಲ್ಲಿಯೂ ಹೋಗಿರುವುದಿಲ್ಲ; ಬೆಲೆಯೊಳಗೆ ಅಡಗಿರುತ್ತದೆ, ಅಥವಾ ರೊಕ್ಕ ಕೊಟ್ಟವನಿಗೆ ಸಿಗಬಹುದಾಗಿದ್ದ ರಿಯಾಯಿತಿಯನ್ನು ನುಂಗಿರುತ್ತದೆ. ತಿಂಗಳಿಗೆ 5,000ದಂತೆ ಹನ್ನೆರಡು ಕಂತು, ವಾರ್ಷಿಕ ಬಡ್ಡಿ ಶೇಕಡ 15 ಎಂದು ಇಟ್ಟುಕೊಂಡರೆ, ಆ 60,000ದಲ್ಲಿ ಬಡ್ಡಿಯ ಭಾಗ ಸುಮಾರು 4,600 ರೂಪಾಯಿ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇಕಡ 18ರ ಜಿಎಸ್‌ಟಿ, ಅಂದರೆ ಸುಮಾರು 830 ರೂಪಾಯಿ, ಗ್ರಾಹಕನ ತಲೆಗೇ ಬರುತ್ತದೆ, ಸೇವಾಶುಲ್ಕ ಬೇರೆ. ಮೊತ್ತ ದೊಡ್ಡದಲ್ಲದಿರಬಹುದು. ಆದರೆ ಶಿವನಿಯಂತಹ ಊರಿನಲ್ಲಿ ಇದಕ್ಕಿಂತ ಗಂಭೀರವಾದ ದೋಷವೊಂದುಂಟು. ಕಂತು ಪ್ರತಿ ತಿಂಗಳೂ ಬರುತ್ತದೆ. ಅಡಿಕೆ ಪ್ರತಿ ತಿಂಗಳೂ ಬರುವುದಿಲ್ಲ. ಸಂಬಳದವನ ಅಳತೆಗೆ ಹೊಲಿದ ಸಾಲವನ್ನು ಬೇಸಾಯದವನು ತೊಟ್ಟರೆ, ನಡುವಿನ ತಿಂಗಳುಗಳಲ್ಲಿ ಕೈಗಡ ಮಾಡಿ ಕಂತು ಕಟ್ಟಬೇಕಾಗುತ್ತದೆ. ವಿನೋದಕ್ಕಾಗಿ ಮಾಡಿದ ಸಾಲ ಮನೆಯ ನಿದ್ದೆ ಕೆಡಿಸಿದ ಮೇಲೆ ಅದು ಎಂತಹ ವಿನೋದ? ಆಟದ ಯಂತ್ರವನ್ನು ಕೂಡಿಟ್ಟ ಹಣದಿಂದ ಮಾತ್ರ ಕೊಳ್ಳಬೇಕು. ಹಣ ಕೂಡುವವರೆಗೆ ಕಾಯಲಾರದ ಬಯಕೆಗೆ ಕಾಯುವುದನ್ನೇ ಮೊದಲು ಕಲಿಸಬೇಕು.

ಮಿತಿಯನ್ನು ಯಂತ್ರದ ಬೆಲೆಗೆ ಹಾಕುವುದೂ ತಪ್ಪು. ಒಟ್ಟು ವೆಚ್ಚಕ್ಕೆ ಹಾಕಬೇಕು. 60,000 ಮಿತಿಯೆಂದರೆ ಯಂತ್ರಕ್ಕೆ 60,000 ಎಂದಲ್ಲ. ವಿಂಡೋಸ್ ಇಲ್ಲದೆ ಬರುವ ಅಗ್ಗದ ಯಂತ್ರಕ್ಕೆ ಅದನ್ನು ಬೇರೆಯಾಗಿ ಕೊಳ್ಳಬೇಕು. ಕದ್ದ ಪ್ರತಿಯನ್ನು ಹಾಕಿಕೊಡುತ್ತೇವೆನ್ನುವವರ ಮಾತು ಕೇಳುವುದು ಅಚೌರ್ಯದ ಭಂಗವೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಚೀಲ, ಮೌಸ್, ಆಟದ ಬೆಲೆ, ಹತ್ತಾರು ಜಿಬಿ ಇಳಿಸಿಕೊಳ್ಳಲು ಬೇಕಾಗುವ ಇಂಟರ್ನೆಟ್ಟಿನ ವೆಚ್ಚ, ಎರಡನೆಯ ವರ್ಷದ ರಿಪೇರಿ ಇವೆಲ್ಲವೂ ಆ ಮಿತಿಯೊಳಗೇ ಬರಬೇಕು. ಗುಡುಗು ಸಿಡಿಲಿನ ಮಳೆಗಾಲದಲ್ಲಿ ವಿದ್ಯುತ್ತಿನ ಏರಿಳಿತ ಹಳ್ಳಿಗಳಿಗೆ ಹೊಸದಲ್ಲ. ಸರಿಯಾದ ಅರ್ಥಿಂಗ್ ಇರುವ ಪ್ಲಗ್ಗಿಗೆ ಸಿಕ್ಕಿಸುವುದು, ಸಿಡಿಲಿನ ವೇಳೆಯಲ್ಲಿ ತೆಗೆದಿಡುವುದು ವೆಚ್ಚವಿಲ್ಲದ ರಕ್ಷೆ. ಆಟದ ಯಂತ್ರ ಬಹಳ ಬಿಸಿಯಾಗುತ್ತದೆ. ಅದರ ಫ್ಯಾನು ಅಂಗಳದ ಧೂಳನ್ನೆಲ್ಲ ಒಳಗೆಳೆಯುತ್ತದೆ. ಹಾಸಿಗೆಯ ಮೇಲಿಟ್ಟು ಆಡಿದರೆ ಗಾಳಿಯ ದಾರಿಯೇ ಮುಚ್ಚುತ್ತದೆ. ಕೆಟ್ಟರೆ ಆ ಕಂಪನಿಯ ಅಧಿಕೃತ ಸೇವಾಕೇಂದ್ರ ಎಲ್ಲಿದೆ, ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ, ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಿರಬೇಕು. ಎರಡು ಸಾವಿರ ಉಳಿಸಲು ಕೊಂಡ ಯಂತ್ರವನ್ನು ಹೊತ್ತು ಮೂರು ಸಲ ಬೆಂಗಳೂರಿನ ರೈಲು ಹತ್ತಿದರೆ ಉಳಿದದ್ದೇನು?

ಬಳಸಿದ ಯಂತ್ರವನ್ನು ಕೊಳ್ಳುವುದು ಹೀನವೆಂಬ ಭಾವನೆಯೂ ತೊಲಗಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾಕೇಂದ್ರಗಳ ಅಂಗಡಿಗಳವರೆಗೆ ಇವು ದೊರೆಯುತ್ತವೆ. ಇನ್ನೊಬ್ಬನು ಮೋಹ ತೀರಿ ಬಿಟ್ಟ ವಸ್ತುವನ್ನು ಅಗತ್ಯಕ್ಕಾಗಿ ಬಳಸುವುದರಲ್ಲಿ ಅಪಮಾನವೇನಿದೆ? ಆದರೆ ಕಣ್ಣು ತೆರೆದು ಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಸಲಾರದ ಹಳೆಯ ಯಂತ್ರ ಎಷ್ಟೇ ಅಗ್ಗವಾದರೂ ಬೇಡ. ಅರ್ಧ ಗಂಟೆ ಆಟವನ್ನೇ ಓಡಿಸಿ ನೋಡಬೇಕು. ಬ್ಯಾಟರಿಯ ಸ್ಥಿತಿ ಪರೀಕ್ಷಿಸಬೇಕು. ರಸೀದಿಯನ್ನು ಕೇಳಿ ಪಡೆಯಬೇಕು. ರಸೀದಿ ಬೇಡವೆಂದರೆ ತೆರಿಗೆ ಉಳಿಯುತ್ತದೆನ್ನುವವನು ಗ್ರಾಹಕನನ್ನು ತನ್ನ ಅಸತ್ಯದಲ್ಲಿ ಪಾಲುಗಾರನನ್ನಾಗಿ ಮಾಡಿಕೊಳ್ಳುತ್ತಾನೆ. ಮುಂದೆ ತೊಂದರೆಯಾದಾಗ ದೂರಿಗೆ ಆಧಾರವೂ ಇಲ್ಲದಂತೆ ಮಾಡುತ್ತಾನೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. 1915 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಆದರೆ ರಸೀದಿಯಿಲ್ಲದವನ ದೂರಿಗೆ ಬಲವಿಲ್ಲ.

ಇಷ್ಟಾದ ಮೇಲೆ ಆಟದ ಸ್ವರೂಪದ ಪ್ರಶ್ನೆ ಉಳಿಯುತ್ತದೆ. ದುಬಾರಿ ಯಂತ್ರವನ್ನು ಬೇಡುವ ಆಟಗಳಲ್ಲಿ ಯುದ್ಧ, ಕೊಲೆ, ಸೇಡುಗಳನ್ನೇ ವೈಭವೀಕರಿಸುವಂತಹವು ಬಹಳ. ತೆರೆಯ ಮೇಲಿನ ಕೊಲೆ ಕೊಲೆಯಲ್ಲ, ಅದರಿಂದ ಯಾವ ಜೀವಕ್ಕೂ ನೋವಿಲ್ಲ ಎನ್ನುವ ಮಾತು ಒಂದು ಮಟ್ಟಿಗೆ ಸರಿಯೇ. ಆದರೆ ಶ್ರಾವಕಾಚಾರ ನಿಷ್ಪ್ರಯೋಜಕವಾದ ದೋಷಗಳನ್ನು ಅನರ್ಥದಂಡವೆಂದು ಕರೆದು, ಪರರ ಕೇಡನ್ನು ಮನಸ್ಸಿನಲ್ಲಿಯೇ ಚಿಂತಿಸುವ ಅಪಧ್ಯಾನವನ್ನೂ ಅದರಲ್ಲಿ ಸೇರಿಸಿರುವುದು ಅಕಾರಣವಲ್ಲ. ದಿನಕ್ಕೆ ಮೂರು ಗಂಟೆ ಗುರಿಯಿಟ್ಟು ಹೊಡೆಯುವ ಅಭ್ಯಾಸದಿಂದ ಪ್ರತಿಯೊಬ್ಬನೂ ಕ್ರೂರಿಯಾಗುತ್ತಾನೆಂದು ಹೇಳುವುದು ಅತಿರೇಕ; ಆ ಮೂರು ಗಂಟೆ ಮನಸ್ಸು ಎಲ್ಲಿ ವಾಸವಾಗಿತ್ತೆಂದು ಕೇಳಿಕೊಳ್ಳುವುದು ವಿವೇಕ. ಕಾರಿನ ಪಂದ್ಯವಿದೆ, ಕಾಲ್ಚೆಂಡಿದೆ, ವಿಮಾನ ಹಾರಿಸುವುದಿದೆ, ನಗರ ಕಟ್ಟುವುದಿದೆ. ಆಟಗಳ ಮೇಲೆ ಯಾವ ವಯಸ್ಸಿಗೆ ತಕ್ಕದ್ದೆಂಬ ಗುರುತೂ ಇರುತ್ತದೆ. ಯುರೋಪಿನ ಪದ್ಧತಿಯಲ್ಲಿ 3, 7, 12, 16, 18 ಎಂಬ ಐದು ಮಟ್ಟಗಳುಂಟು. ತಂದೆತಾಯಿಗಳು ಅದನ್ನು ಓದುವಷ್ಟಾದರೂ ಶ್ರಮವಹಿಸಬೇಕು.

ಹಣ ಕಟ್ಟಿ ಆಡುವ ಆಟಗಳ ಬಗ್ಗೆ ಮಾತ್ರ ಯಾವ ರಾಜಿಯೂ ಸಲ್ಲದು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿ, ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕಾಯಿದೆ, ಹಣದ ಪಣವಿರುವ ಆನ್‌ಲೈನ್ ಆಟಗಳನ್ನು ಒಂದು ಕಡೆ, ಸ್ಪರ್ಧಾತ್ಮಕ ಇ-ಕ್ರೀಡೆಗಳನ್ನು ಇನ್ನೊಂದು ಕಡೆ ಇಟ್ಟು ಬೇರ್ಪಡಿಸಿತು. ಈ ಭೇದವನ್ನು ಮನೆಯಲ್ಲಿಯೂ ಮಾಡಬೇಕು. ಇಲ್ಲೊಂದು ವಿಪರ್ಯಾಸವಿದೆ: ಪಣವಿಟ್ಟು ಆಡಲು ಅರವತ್ತು ಸಾವಿರದ ಲ್ಯಾಪ್‌ಟಾಪ್ ಬೇಕಾಗಿಲ್ಲ, ಹತ್ತು ಸಾವಿರದ ಮೊಬೈಲು ಸಾಕು. ದುಬಾರಿ ಯಂತ್ರವನ್ನು ಕುರಿತು ಗದ್ದಲವೆಬ್ಬಿಸುವ ಮನೆಗಳಲ್ಲಿ ಅಗ್ಗದ ಯಂತ್ರ ಮಾಡುವ ಅನಾಹುತ ಕಣ್ಣಿಗೆ ಬೀಳುವುದಿಲ್ಲ. ದೋಷವನ್ನು ವಸ್ತುವಿನಲ್ಲಿ ಹುಡುಕುವವರಿಗೆಲ್ಲ ಆಗುವುದು ಹೀಗೆಯೇ.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಆಕ್ಷೇಪ ಏಳಬಹುದು. ಹಣವಂತರ ಮಕ್ಕಳು ಯಾವ ಲೆಕ್ಕವನ್ನೂ ಹಾಕದೆ ಎರಡು ಲಕ್ಷದ ಯಂತ್ರ ಕೊಳ್ಳುವಾಗ, ಇಲ್ಲದವನ ಮಗನಿಗೆ ಮಾತ್ರ ಸಂಯಮದ ಪಾಠವೇ? ಅವನ ಒಂದು ಸಂತೋಷದ ಮೇಲೂ ಕಾವಲೇ? ಆಕ್ಷೇಪ ನ್ಯಾಯವಾದುದು, ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗಲಾಗದು. ಗೃಹಸ್ಥನಿಗೆ ಹೇಳಿದ ಪರಿಗ್ರಹ ಪರಿಮಾಣವ್ರತ ಬಡವನಿಗಾಗಿ ಹೇಳಿದ್ದೇ ಅಲ್ಲ. ಇಲ್ಲದವನಿಗೆ ಪರಿಮಾಣ ತಾನಾಗಿಯೇ ಇದೆ. ಅವನು ಅದನ್ನು ವ್ರತವಾಗಿ ತೊಡಬೇಕಾಗಿಲ್ಲ. ಇರುವವನು, ಕೊಳ್ಳಬಲ್ಲವನು, ಇಷ್ಟು ಸಾಕೆಂದು ತಾನೇ ಗೆರೆ ಎಳೆದುಕೊಂಡಾಗ ಮಾತ್ರ ಅದು ವ್ರತ. ಆದುದರಿಂದ ಈ ಮಾತು ಮೊದಲು ಸಲ್ಲಬೇಕಾದುದು ಎರಡು ಲಕ್ಷದ ಯಂತ್ರ ಕೊಡಿಸಿ ಅದನ್ನು ಹತ್ತು ಮಂದಿಗೆ ತೋರಿಸಿಕೊಳ್ಳುವ ಹಣವಂತ ಮನೆಗಳಿಗೆ. ಹಾಸ್ಟೆಲಿನ ಕೋಣೆಯಲ್ಲಿ ಇಲ್ಲದವನ ಮಗ ಕುಗ್ಗುವಂತೆ ಮಾಡುವುದು ಅವರ ಅಮಿತತೆಯೇ. ಸಮಾಜದ ಶ್ರೀಮಂತರು ತಮ್ಮ ಮಕ್ಕಳಿಗೆ ಸಾಕೆನ್ನುವುದನ್ನು ಕಲಿಸಿದರೆ, ಎಷ್ಟೋ ಬಡ ಮನೆಗಳ ಸಾಲ ತಾನಾಗಿಯೇ ತಪ್ಪುತ್ತದೆ. ಇಲ್ಲದವನ ಮಗನಾದರೋ, ತನ್ನ ಮಿತಿಯನ್ನು ತಲೆ ತಗ್ಗಿಸಿ ಹೇಳಬೇಕಾಗಿಲ್ಲ. 55,000 ಎಂದು ದೃಢವಾಗಿ ಹೇಳಿ, ಅದರೊಳಗೆ ಯಾವುದು ಉತ್ತಮವೆಂದು ಚಿಪ್ಪಿನ ವ್ಯಾಟ್‌ವರೆಗೆ ವಿಚಾರಿಸಿ ಕೊಂಡವನು, ಕಣ್ಣು ಮುಚ್ಚಿ ಎರಡು ಲಕ್ಷ ಸುರಿದವನಿಗಿಂತ ಆ ಯಂತ್ರವನ್ನು ಚೆನ್ನಾಗಿ ಬಲ್ಲ.

ಯಂತ್ರದ ಅಂತ್ಯವನ್ನೂ ಯೋಚಿಸುವುದು ಅಹಿಂಸೆಯ ಭಾಗವೇ. ಬ್ಯಾಟರಿ, ಬೋರ್ಡುಗಳನ್ನು ಕಸದ ರಾಶಿಗೆ ಎಸೆದು ಬೆಂಕಿ ಹಚ್ಚಿದರೆ ನೆಲ, ನೀರು, ಗಾಳಿಗಳಲ್ಲಿರುವ ಜೀವಗಳಿಗೆ ವಿಷವುಣಿಸಿದಂತೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಾಗಿ, ಇಂತಹ ತ್ಯಾಜ್ಯದ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಗ್ರಾಹಕನ ಹೊಣೆ ಅದಕ್ಕಿಂತ ಸರಳ: ಬೇಗ ಎಸೆಯದಿರುವುದು. ಎರಡು ವರ್ಷಕ್ಕೊಮ್ಮೆ ಬದಲಿಸುವ ಯಂತ್ರವನ್ನು ಆರು ವರ್ಷ ಬಾಳಿಸಿದವನು ಎರಡು ಯಂತ್ರಗಳಷ್ಟು ಗಣಿಯ ಮಣ್ಣನ್ನು, ವಿದ್ಯುತ್ತನ್ನು, ಕಸವನ್ನು ಉಳಿಸಿದಂತಾಯಿತು. ಮೆಮೊರಿ ಮತ್ತು ಬ್ಯಾಟರಿಗಳನ್ನು ಬದಲಿಸಲು ಬರುವ ಯಂತ್ರಕ್ಕೆ ಒಂದಿಷ್ಟು ಹೆಚ್ಚು ಕೊಡುವುದು ಇದೇ ಕಾರಣಕ್ಕೆ ಯೋಗ್ಯ. ಮಿತಿಯೊಳಗೆ ಹೆಚ್ಚು ಖರ್ಚು ಮಾಡಬೇಕಾದುದು ಚೀಟಿಯ ಹೊಳಪಿಗಲ್ಲ, ಇಂತಹ ಗುಣಕ್ಕೆ.

ಆದುದರಿಂದ ಶಿವನಿಯಲ್ಲಾಗಲಿ ಬೇರೆಲ್ಲಿಯೇ ಆಗಲಿ, ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳಲಿ. ಒಂದು ಹಾಳೆಯ ಮೇಲೆ, ಓದಿಗೆ ಬೇಕಾದುದೇನು ಎಂಬುದನ್ನು ಮಗ ಅಥವಾ ಮಗಳೇ ಬರೆಯಲಿ; ಅದರ ಕೆಳಗೆ, ಆಡಬಯಸುವ ಆಟಗಳ ಹೆಸರನ್ನು ಸಂಕೋಚವಿಲ್ಲದೆ ಬರೆಯಲಿ. ತಂದೆ ಸಿಟ್ಟಾಗದೆ ಅದನ್ನು ಓದಲಿ; ಒಪ್ಪದಿರುವುದನ್ನು ಕಾರಣ ಹೇಳಿ ಹೊಡೆದುಹಾಕಲಿ. ಆಮೇಲೆ ಮನೆಯ ನಿಜವಾದ ಲೆಕ್ಕವನ್ನು, ಬಂದ ಹಣ, ಇರುವ ಸಾಲ, ಬರಬೇಕಾದ ಬೆಳೆಯನ್ನು, ಮಕ್ಕಳ ಮುಂದೆ ತೆರೆದಿಡಲಿ. ಮಕ್ಕಳಿಂದ ಸತ್ಯವನ್ನು ನಿರೀಕ್ಷಿಸುವವರು ಮಕ್ಕಳಿಗೂ ಸತ್ಯವನ್ನು ಹೇಳಬೇಕಷ್ಟೆ. ಕೊನೆಯಲ್ಲಿ ಒಟ್ಟು ವೆಚ್ಚದ ಒಂದು ಅಂಕಿಯನ್ನು ಬರೆದು ಎಲ್ಲರೂ ಒಪ್ಪಲಿ. ಆ ಹಾಳೆಯನ್ನು ಹಿಡಿದು ಅಂಗಡಿಗೆ ಹೋದವರಿಗೆ 'ಇನ್ನೊಂದು ಐದು ಸಾವಿರ' ಎಂಬ ಮಾತು ತಾಗುವುದಿಲ್ಲ. ಅವರು ತರುವ ಯಂತ್ರ ಊರಿನಲ್ಲೆಲ್ಲ ಉತ್ತಮವಾದುದು ಆಗದಿರಬಹುದು. ಆದರೆ ಅದನ್ನು ಆಡುವಾಗ ಮಗ ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ, ತಂದೆ ಕಂಡೂ ಕಾಣದಂತೆ ಹಾದುಹೋಗಬೇಕಾಗಿಲ್ಲ. ಮನೆಗೆ ಬರುವ ಯಾವ ವಸ್ತುವಿನಿಂದಲಾದರೂ ಗೃಹಸ್ಥನು ಇಷ್ಟನ್ನು ಅಪೇಕ್ಷಿಸಬೇಕು.